ಕ್ಯಾಂಟರ್ಬರಿಯ ಪೀಠವೂ ಆಂಗ್ಲಿಕನ್ ಸಭೆಯ ವಿಭೇದಗಳೂ

2025ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಸಾರಾ ಮಲಾಲಿ ಎಂಬ ಮಹಿಳೆ ನಿಯುಕ್ತರಾದರೆಂಬ ಪ್ರಕಟನೆ ಲಂಡನ್ನಿನಿಂದ ಹೊರಟಿತು. ಕ್ರಿ.ಶ. 597ರಲ್ಲಿ ರೋಮಿನ ಸಂನ್ಯಾಸಿಯಾದ ಅಗಸ್ಟೀನನು ಕೆಂಟ್ ಸೀಮೆಯಲ್ಲಿ ಬಂದಿಳಿದು ಸ್ಥಾಪಿಸಿದ ಆ ಪೀಠವನ್ನು ಅಲ್ಲಿಯವರೆಗೆ 105 ಮಂದಿ ಪುರುಷರು ಅಲಂಕರಿಸಿದ್ದರು; ದಾದಿಯಾಗಿ ಜೀವನವನ್ನಾರಂಭಿಸಿ, ಇಂಗ್ಲೆಂಡಿನ ಮುಖ್ಯ ಶುಶ್ರೂಷಾಧಿಕಾರಿಯ ಸ್ಥಾನಕ್ಕೇರಿ, ಆಮೇಲೆ ಧರ್ಮಸೇವೆಗೆ ಬಂದ ಈಕೆ ನೂರಾರನೆಯವರು. ಪ್ರಕಟನೆ ಹೊರಟು ಇನ್ನೂ ಹದಿನೈದು ದಿನ ತುಂಬುವುದರೊಳಗೆ, ಆಫ್ರಿಕದ ಅನೇಕ ಪ್ರಾಂತ್ಯಸಭೆಗಳ ಬೆಂಬಲವುಳ್ಳ ‘ಗ್ಯಾಫ್ಕಾನ್’ ಎಂಬ ಸಂಘಟನೆಯು, ರ್ವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ ಅವರ ಸಹಿಯುಳ್ಳ ಪತ್ರವೊಂದರಲ್ಲಿ, ಕ್ಯಾಂಟರ್ಬರಿಯನ್ನು ಕೇಂದ್ರವಾಗುಳ್ಳ ಏರ್ಪಾಡನ್ನು ತಾನು ಇನ್ನು ಒಪ್ಪುವುದಿಲ್ಲವೆಂದೂ, ಸತ್ಯವೇದದ ಆಧಾರದ ಮೇಲೆ ನಿಂತ ನಿಜವಾದ ಆಂಗ್ಲಿಕನ್ ಒಕ್ಕೂಟವು ತಾನೇ ಎಂದೂ ಸಾರಿತು. ಹೀಗೆ ಸಾರುವುದಕ್ಕೆ ಅದು ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ಹಾಗೆ ಸಾರಿದವರನ್ನು ತಡೆಯುವ ಅಧಿಕಾರವೂ ಭೂಮಂಡಲದ ಮೇಲೆ ಯಾರಿಗೂ ಇರಲಿಲ್ಲ.

ಈ ಸಂಗತಿಯೇ ಆಂಗ್ಲಿಕನ್ ಸಭೆಯ ಕಲಹಗಳಿಗೆಲ್ಲ ಬೀಗದ ಕೈ. 160ಕ್ಕೂ ಮಿಕ್ಕ ದೇಶಗಳಲ್ಲಿ, ನಲವತ್ತಕ್ಕೂ ಹೆಚ್ಚು ಸ್ವತಂತ್ರ ಪ್ರಾಂತ್ಯಗಳಾಗಿ ಹಬ್ಬಿ, ಸುಮಾರು 8.5 ಕೋಟಿ ಜನರನ್ನು ತನ್ನವರೆಂದು ಎಣಿಸಿಕೊಳ್ಳುವ ಈ ಸಂಸ್ಥೆಗೆ ರೋಮಿನ ಪೋಪರಂಥ ಪರಮಾಧಿಕಾರಿಯಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಸಮಾನರಲ್ಲಿ ಮೊದಲಿಗರು, ಅಷ್ಟೆ. ಅವರು ಸಭೆ ಕರೆಯಬಲ್ಲರು, ಅಪ್ಪಣೆ ಕೊಡಲಾರರು. ನೈಜೀರಿಯದ ಅಥವಾ ಅಮೆರಿಕದ ಒಬ್ಬ ಪಾದ್ರಿಯನ್ನು ನೇಮಿಸುವ ಶಕ್ತಿಯಾಗಲಿ ತೆಗೆದುಹಾಕುವ ಶಕ್ತಿಯಾಗಲಿ ಅವರಿಗಿಲ್ಲ. ಈ ಸ್ಥಿತಿಯ ಮೂಲ ಹಳೆಯದು: 1534ರಲ್ಲಿ ಎಂಟನೆಯ ಹೆನ್ರಿಯು ಪೋಪರ ಅಧಿಕಾರವನ್ನು ನಿರಾಕರಿಸಿ ರಾಜನೇ ಇಂಗ್ಲೆಂಡಿನ ಸಭೆಗೆ ಶಿರಸ್ಸೆಂದು ಶಾಸನ ಮಾಡಿಸಿದನು. ಆತನ ಮಗಳು ಎಲಿಜಬೆತ್ ರಾಣಿಯು, ಕ್ಯಾಥೊಲಿಕ್ ಆಚಾರದ ಕಡೆಗೆ ಒಲಿದವರನ್ನೂ ಕಟ್ಟಾ ಸುಧಾರಣಾವಾದಿಗಳನ್ನೂ ಒಂದೇ ಪ್ರಾರ್ಥನಾ ಪುಸ್ತಕದ ಕೆಳಗೆ ಕೂಡಿಸಿ, ಮಂಡಿಯೂರಿ ಒಟ್ಟಿಗೆ ಪ್ರಾರ್ಥಿಸುವಷ್ಟು ಐಕಮತ್ಯವಿದ್ದರೆ ಸಾಕು, ಅಂತರಂಗದ ಅಭಿಪ್ರಾಯಗಳನ್ನು ಕೆದಕಬೇಕಾದುದಿಲ್ಲ ಎಂಬ ನೀತಿಯನ್ನು ನೆಲೆಗೊಳಿಸಿದಳು. ಈ ಮಧ್ಯಮಮಾರ್ಗವು ಇಂಗ್ಲೆಂಡಿನ ಗಡಿಯೊಳಗೆ, ರಾಜನೂ ಪಾರ್ಲಿಮೆಂಟೂ ನ್ಯಾಯಾಲಯಗಳೂ ಬೆನ್ನಿಗಿರುವವರೆಗೆ, ಹೇಗೋ ನಡೆಯಿತು. ಸಾಮ್ರಾಜ್ಯದ ಹಡಗುಗಳನ್ನೇರಿ ಸಭೆಯು ಕಡಲಾಚೆಗೆ ಹೋದ ಮೇಲೆ ಅಲ್ಲಿ ಅಂತಿಮ ನಿರ್ಣಯ ಯಾರದು ಎಂಬ ಪ್ರಶ್ನೆ ಹುಟ್ಟಿತು. ಹುಟ್ಟಿಸಿದವರು ಒಬ್ಬ ಗಣಿತಜ್ಞರು.

ಜಾನ್ ವಿಲಿಯಂ ಕೊಲೆನ್ಸೊ ಅವರು ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ನಡೆದ ಅಂಕಗಣಿತ ಬೀಜಗಣಿತಗಳ ಪಠ್ಯಗಳನ್ನು ಬರೆದವರು. 1853ರಲ್ಲಿ ಅವರು ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತಕ್ಕೆ ಮೊದಲ ಬಿಷಪ್ಪರಾಗಿ ನೇಮಕಗೊಂಡು, ಅಲ್ಲಿಯ ಜುಲು ಜನರ ಭಾಷೆಯನ್ನು ಕಲಿತು, ಅದಕ್ಕೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿ, ಸತ್ಯವೇದವನ್ನು ಅನುವಾದಿಸತೊಡಗಿದರು. ನೋಹನ ಜಲಪ್ರಳಯದ ಕಥೆಯನ್ನು ತರ್ಜುಮೆ ಮಾಡುತ್ತಿದ್ದಾಗ, ಅವರಿಗೆ ಭಾಷಾಸಹಾಯಕನಾಗಿದ್ದ ವಿಲಿಯಂ ಎಂಗಿಡಿ ಎಂಬ ಜುಲು ಶಿಷ್ಯನು, ಲೋಕದ ಸಕಲ ಪ್ರಾಣಿಗಳೂ ಆ ಒಂದು ನಾವೆಯನ್ನು ಹೊಕ್ಕದ್ದು ನಿಜವೇ ಎಂದು ಕೇಳಿದನು. ದೇವರ ಹೆಸರಿನಲ್ಲಿ ಸುಳ್ಳಾಡಲಾರೆನೆಂದು ನಿಶ್ಚಯಿಸಿದ ಬಿಷಪ್ಪರು ಮೋಶೆಯ ಗ್ರಂಥಗಳನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿದರು. ಐಗುಪ್ತದಿಂದ ಹೊರಟ ಇಸ್ರಾಯೇಲರ ಯೋಧರೇ ಆರು ಲಕ್ಷವಾದರೆ ಹೆಂಗಸರು ಮಕ್ಕಳು ಸೇರಿ ಇಪ್ಪತ್ತು ಲಕ್ಷಕ್ಕೆ ಕಡಮೆಯಾಗದು. ಅಷ್ಟು ಜನವೆಲ್ಲ ದೇವದರ್ಶನದ ಗುಡಾರದ ಬಾಗಿಲಲ್ಲಿ ನೆರೆಯಿತೆಂದು ಗ್ರಂಥವು ಹೇಳುತ್ತದೆ. ಆದರೆ ಆ ಗುಡಾರದ ಅಗಲಕ್ಕೆ ಸರಿಯಾಗಿ ಸಾಲುಗಟ್ಟಿ ನಿಲ್ಲಿಸಿದರೆ ಸಾಲು ಮೈಲಿಗಟ್ಟಲೆ ಹರಿಯುತ್ತದೆ. ಇಂಥ ಗಣನೆಗಳಿಂದ ಅವರು, ಆ ಗ್ರಂಥಗಳು ಧರ್ಮಬೋಧೆಯಾಗಿ ಪೂಜ್ಯವೇ ಹೊರತು ಅಕ್ಷರಶಃ ಚರಿತ್ರೆಯಾಗಲಾರವು ಎಂಬ ಸಿದ್ಧಾಂತಕ್ಕೆ ಬಂದು, 1862ರಿಂದ ತಮ್ಮ ವಿಮರ್ಶೆಯನ್ನು ಸಂಪುಟಸಂಪುಟವಾಗಿ ಪ್ರಕಟಿಸಿದರು.

ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಕೊಲೆನ್ಸೊ ಅವರಿಗೆ ಮೇಲಧಿಕಾರಿಯಾಗಿದ್ದ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಅವರು 1863ರಲ್ಲಿ ವಿಚಾರಣೆ ನಡೆಸಿ, ಅವರನ್ನು ಪಾಷಂಡಿಯೆಂದು ನಿರ್ಣಯಿಸಿ ಪದಚ್ಯುತಗೊಳಿಸಿದರು. ಕೊಲೆನ್ಸೊ ಅವರು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಮೊರೆಹೊಕ್ಕರು. ಗ್ರೇ ಅವರಿಗೆ ಇಂಥ ಅಧಿಕಾರವೇ ಇಲ್ಲವೆಂದು ಆ ನ್ಯಾಯಪೀಠವು 1865ರಲ್ಲಿ ತೀರ್ಪಿತ್ತಿತು. ಸಂಬಳವೂ ಚರ್ಚಿನ ಕಟ್ಟಡವೂ ಕೊಲೆನ್ಸೊ ಅವರಲ್ಲಿ ಉಳಿದುವು. ಗ್ರೇ ಅವರು ಸುಮ್ಮನಿರದೆ ಅದೇ ಪ್ರಾಂತಕ್ಕೆ ಮತ್ತೊಬ್ಬ ಬಿಷಪ್ಪರನ್ನು ಅಭಿಷೇಕಿಸಿ ಕಳುಹಿಸಲಾಗಿ, ಪೀಟರ್‌ಮ್ಯಾರಿಟ್ಸ್‌ಬರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ಇಬ್ಬರು ಆಂಗ್ಲಿಕನ್ ಬಿಷಪ್ಪರು, ಎರಡು ವೇದಿಕೆಗಳು, ಒಬ್ಬರ ಕೈಯ ಪ್ರಸಾದವನ್ನು ಇನ್ನೊಬ್ಬರ ಕಡೆಯವರು ಮುಟ್ಟದ ಎರಡು ಮಂದೆಗಳು ಏರ್ಪಟ್ಟುವು. ಸುಮಾರು ನೂರನಲವತ್ತು ವರ್ಷಗಳ ತರುವಾಯ ಅಮೆರಿಕದಲ್ಲಿ ನಡೆದುದರ ಪೂರ್ಣ ಸ್ವರೂಪವನ್ನು ಇಲ್ಲಿ ಮುಂಚಿತವಾಗಿಯೇ ಕಾಣಬಹುದು. ಕೊಲೆನ್ಸೊ ಅವರಾದರೋ ತಮ್ಮ ಉಳಿದ ಆಯುಷ್ಯವನ್ನು ವಸಾಹತು ಸರಕಾರದ ಅನ್ಯಾಯದ ವಿರುದ್ಧ ಜುಲು ಜನರ ಪಕ್ಷವಹಿಸಿ ಸವೆಯಿಸಿದರು. ಆ ಜನರು ಅವರನ್ನು ‘ಸೊಬಾಂಟು’, ಜನರ ತಂದೆ, ಎಂದು ಕರೆದರು. ಪಾಷಂಡಿಯೆಂಬ ಬಿರುದಿಗಿಂತ ಈ ಹೆಸರೇ ಅವರಿಗೆ ಸಲ್ಲತಕ್ಕದ್ದೆಂದು ನಾನು ಎಣಿಸುತ್ತೇನೆ.

ಈ ಗಲಭೆಯಿಂದ ಕಳವಳಗೊಂಡ ಕೆನಡದ ಬಿಷಪ್ಪರು, ಲೋಕದ ಆಂಗ್ಲಿಕನ್ ಬಿಷಪ್ಪರೆಲ್ಲ ಒಂದೆಡೆ ಕೂಡಬೇಕೆಂದು ಕೇಳಿಕೊಂಡುದರ ಫಲವೇ 1867ರ ಮೊದಲ ಲ್ಯಾಂಬೆತ್ ಸಮ್ಮೇಳನ. ಆರ್ಚ್‌ಬಿಷಪ್ ಚಾರ್ಲ್ಸ್ ಲಾಂಗ್ಲಿಯವರು ಸಮ್ಮೇಳನವನ್ನು ಕರೆಯುವಾಗಲೇ, ಇದು ಶಾಸನ ಮಾಡುವ ಸಭೆಯಲ್ಲ, ಪರಸ್ಪರ ಆಲೋಚನೆಯ ಕೂಟ ಮಾತ್ರ ಎಂದು ಸ್ಪಷ್ಟಪಡಿಸಿದ್ದರು. ಬಂದವರು 76 ಮಂದಿ. ಯಾರ್ಕಿನ ಆರ್ಚ್‌ಬಿಷಪ್ಪರೇ ಬರಲೊಲ್ಲೆನೆಂದರು. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷಗಳಿಗೊಮ್ಮೆ ಈ ಕೂಟವು ನೆರೆಯುತ್ತಲೂ, ಠರಾವುಗಳನ್ನು ಅಂಗೀಕರಿಸುತ್ತಲೂ, ಆ ಠರಾವುಗಳನ್ನು ಒಪ್ಪುವುದೂ ಬಿಡುವುದೂ ಆಯಾ ಪ್ರಾಂತ್ಯದ ಇಚ್ಛೆಗೆ ಸೇರಿದುದಾಗಿ ಉಳಿಯುತ್ತಲೂ ಬಂದಿದೆ.

ಸ್ತ್ರೀಯೊಬ್ಬರಿಗೆ ಗುರುದೀಕ್ಷೆ ಮೊದಲು ದೊರೆತದ್ದು ತರ್ಕದಿಂದಲ್ಲ, ಯುದ್ಧಕಾಲದ ಆಪತ್ತಿನಿಂದ. ಎರಡನೆಯ ಮಹಾಯುದ್ಧದಲ್ಲಿ ಹಾಂಗ್‌ಕಾಂಗ್ ಜಪಾನೀಯರ ವಶವಾದಾಗ, ತಟಸ್ಥವಾಗಿದ್ದ ಪೋರ್ಚುಗೀಸರ ಮಕಾವು ಪಟ್ಟಣವು ನಿರಾಶ್ರಿತರಿಂದ ತುಂಬಿಹೋಯಿತು. ಅಲ್ಲಿಯ ಆಂಗ್ಲಿಕನ್ ಮಂದೆಗೆ ಪಾದ್ರಿಯಿಲ್ಲ. ಫ್ಲಾರೆನ್ಸ್ ಲೀ ತಿಮ್-ಓಯ್ ಎಂಬ ಚೀನೀ ಸೇವಕಿಯೊಬ್ಬಳೇ ಹಸಿದವರಿಗೆ ಉಣಿಸುತ್ತ, ಸತ್ತವರನ್ನು ಮಣ್ಣುಮಾಡುತ್ತ, ಪ್ರಾರ್ಥನೆಗಳನ್ನು ನಡೆಸುತ್ತ ಇದ್ದಳು. ಪ್ರಭುಭೋಜನದ ಸಂಸ್ಕಾರವನ್ನು ನಡೆಸುವ ಅಧಿಕಾರ ಮಾತ್ರ ಆಕೆಗಿರಲಿಲ್ಲ. ಬಿಷಪ್ ರೊನಾಲ್ಡ್ ಹಾಲ್ ಅವರು ಆಕೆಯನ್ನು ಚೀನದ ಒಳನಾಡಿಗೆ ಕರೆಸಿಕೊಂಡರು. ಆಕೆ ಜಪಾನೀ ಸೈನ್ಯದ ಹಿಡಿತದಲ್ಲಿದ್ದ ಸೀಮೆಯನ್ನು ದಾಟಿಬಂದಳು. 1944ರ ಜನವರಿ 25ರಂದು ಅವರು ಆಕೆಯ ಶಿರಸ್ಸಿನ ಮೇಲೆ ಹಸ್ತವಿರಿಸಿ ಗುರುದೀಕ್ಷೆಯಿತ್ತರು. ಯುದ್ಧ ಮುಗಿದ ಮೇಲೆ ಹಿರಿಯ ಬಿಷಪ್ಪರ ಖಂಡನೆ ಹಾಲ್ ಅವರ ಮೇಲೆ ಸುರಿಯಿತು. ತನ್ನಿಂದ ಅವರಿಗೆ ತೊಂದರೆಯಾಗಬಾರದೆಂದು ಲೀ ಅವರು 1946ರಲ್ಲಿ ಪಾದ್ರಿಯಾಗಿ ಸೇವೆ ಮಾಡುವ ಅನುಮತಿಪತ್ರವನ್ನು ಹಿಂದಿರುಗಿಸಿದರು. ದೀಕ್ಷೆಯನ್ನು ಮಾತ್ರ ತ್ಯಜಿಸಲಿಲ್ಲ. ಮುಂದೆ ಕಮ್ಯುನಿಸ್ಟ್ ಆಳಿಕೆಯಲ್ಲಿ ಹೊಲದಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿದು, ಮುಪ್ಪಿನಲ್ಲಿ ಕೆನಡಕ್ಕೆ ತೆರಳಿ, ಅಲ್ಲಿ ಮತ್ತೆ ವೇದಿಕೆಯ ಮುಂದೆ ನಿಂತು ಸೇವೆ ನಡೆಸುವ ಭಾಗ್ಯವನ್ನು ಪಡೆದು, 1992ರಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಸಭೆಯು ಸ್ತ್ರೀಯರಿಗೆ ಗುರುದೀಕ್ಷೆ ಕೊಡಲು ಒಪ್ಪಿದ್ದು ಅದೇ ವರ್ಷದ ನವೆಂಬರಿನಲ್ಲಿ. ಅಮೆರಿಕದವರು 1976ರಲ್ಲಿಯೇ ಒಪ್ಪಿ, 1989ರಲ್ಲಿ ಬಾರ್ಬರಾ ಹ್ಯಾರಿಸ್ ಅವರನ್ನು ಬಿಷಪ್ ಪದವಿಗೂ ಏರಿಸಿದ್ದರು. ಇಂಗ್ಲೆಂಡಿಗೆ ಆ ಹೆಜ್ಜೆ ಸಾಧ್ಯವಾದುದು 2015ರಲ್ಲಿ.

ಆದರೆ ಸಭೆಯನ್ನು ನಿಜವಾಗಿ ಸೀಳಿದುದು ಸಲಿಂಗ ಸಂಬಂಧಗಳ ಪ್ರಶ್ನೆ. 1998ರ ಲ್ಯಾಂಬೆತ್ ಸಮ್ಮೇಳನವು, ಸಲಿಂಗಾಚರಣೆಯು ಧರ್ಮಗ್ರಂಥಕ್ಕೆ ಒಪ್ಪದು ಎಂಬ ಠರಾವನ್ನು 526ಕ್ಕೆ 70 ಮತಗಳಿಂದ ಅಂಗೀಕರಿಸಿತು. ಐದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಡಯಾಸಿಸ್ ಎಂಬ ಬಿಷಪ್ಪರ ಸೀಮೆಯವರು, ಪುರುಷಸಂಗಾತಿಯೊಡನೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್ ಎಂಬ ಪಾದ್ರಿಯನ್ನು ತಮ್ಮ ಬಿಷಪ್ಪರಾಗಿ ಚುನಾಯಿಸಿದರು. 2003ರ ನವೆಂಬರ್ 2ರಂದು ವಿಶ್ವವಿದ್ಯಾಲಯವೊಂದರ ಹಾಕಿ ಕ್ರೀಡಾಂಗಣದಲ್ಲಿ ನಡೆದ ಅಭಿಷೇಕಕ್ಕೆ ರಾಬಿನ್ಸನ್ ಅವರು, ಕೊಲೆಬೆದರಿಕೆಗಳು ಬಂದಿದ್ದುದರಿಂದ, ಪೂಜಾವಸ್ತ್ರದ ಒಳಗೆ ಗುಂಡು ತಡೆಯುವ ಕವಚವನ್ನು ತೊಟ್ಟು ಬರಬೇಕಾಯಿತು. 2008ರಲ್ಲಿ ಲ್ಯಾಂಬೆತ್ ಸಮ್ಮೇಳನ ಸೇರುವುದಕ್ಕೆ ಮುಂಚೆಯೇ ಎದುರು ಪಕ್ಷದವರು ಜೆರುಸಲೇಮಿನಲ್ಲಿ ತಮ್ಮದೇ ಕೂಟವನ್ನು ನಡೆಸಿದರು. ಗ್ಯಾಫ್ಕಾನ್ ಹುಟ್ಟಿದ್ದು ಅಲ್ಲಿ. ಮರುವರ್ಷ ಉತ್ತರ ಅಮೆರಿಕದಲ್ಲಿ ಪ್ರತ್ಯೇಕ ಆಂಗ್ಲಿಕನ್ ಸಭೆಯೊಂದು ಸ್ಥಾಪಿತವಾಯಿತು. 2023ರಲ್ಲಿ ಇಂಗ್ಲೆಂಡಿನ ಸಭೆಯ ಆಡಳಿತಮಂಡಲಿಯಾದ ಸಿನೊಡ್ ಸಲಿಂಗ ಜೋಡಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳಿಗೆ ಒಪ್ಪಿಗೆ ಕೊಟ್ಟಾಗ, ‘ಜಾಗತಿಕ ದಕ್ಷಿಣ’ದ ಹಲವು ಪ್ರಾಂತ್ಯಗಳ ಮುಖ್ಯಸ್ಥರು ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರನ್ನು ಮೊದಲಿಗರೆಂದು ತಾವಿನ್ನು ಮನ್ನಿಸಲಾರೆವೆಂದರು.

ಆಫ್ರಿಕದ ಬಿಷಪ್ಪರ ವಾದವನ್ನು ಮೂಢತನವೆಂದು ತಳ್ಳಿಹಾಕುವುದು ಪಶ್ಚಿಮದ ಪತ್ರಿಕೆಗಳಲ್ಲಿ ರೂಢಿಯಾಗಿದೆ, ಅದು ನ್ಯಾಯವಲ್ಲ. ಅವರ ಮಾತು ಇದು: ನಿಮ್ಮ ಮಿಷನರಿಗಳು ಬಂದು ಈ ಗ್ರಂಥವನ್ನು ನಮ್ಮ ಕೈಗಿತ್ತು, ಇದೇ ದೇವರ ವಾಕ್ಯ, ಇದಕ್ಕಾಗಿ ನಿಮ್ಮ ಪೂರ್ವಿಕರ ಆಚಾರಗಳನ್ನು ಬಿಡಿರಿ ಎಂದರು. ನಾವು ಬಿಟ್ಟೆವು, ಕೆಲವರು ಪ್ರಾಣವನ್ನೂ ಕೊಟ್ಟರು. ಈಗ ನಿಮಗೆ ಬೇಡವಾದ ವಾಕ್ಯಗಳನ್ನು ನೀವೇ ಸಡಿಲಿಸುವುದಾದರೆ ಅದನ್ನು ನಿರ್ಣಯಿಸಲು ನೀವು ಯಾರು, ಎಂಬುದು ಅವರ ಪ್ರಶ್ನೆ. ಪ್ರಶ್ನೆ ತೂಕದ್ದೇ ಹೌದು. ಆದರೆ ಆಫ್ರಿಕದ ಅನುಭವವೇ ಇದಕ್ಕೆ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಬಹುಪತ್ನೀಕರಾದ ಜುಲು ಗೃಹಸ್ಥರು ಕ್ರೈಸ್ತರಾಗಬಯಸಿದರೆ, ಹೆಂಡಿರನ್ನು ಬೀದಿಪಾಲು ಮಾಡಿಸದೆ ದೀಕ್ಷಾಸ್ನಾನ ಕೊಡಬೇಕೆಂದು ಕೊಲೆನ್ಸೊ ವಾದಿಸಿದ್ದರು. 1888ರ ಲ್ಯಾಂಬೆತ್ ಸಮ್ಮೇಳನವು ಕೂಡದೆಂದಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1988ರಲ್ಲಿ, ಅದೇ ಸಮ್ಮೇಳನವು ಕೆಲವು ನಿಬಂಧನೆಗಳೊಡನೆ ಕೂಡುವುದೆಂದಿತು. ಗ್ರಂಥವು ಬದಲಾಗಿರಲಿಲ್ಲ, ಮನೆಯಿಂದ ಹೊರದೂಡಲ್ಪಟ್ಟ ಹೆಂಗಸರ ದುಃಖವನ್ನು ಕಂಡವರ ಕಣ್ಣು ಬದಲಾಗಿತ್ತು. ಕರುಣೆಯಿಂದ ಗ್ರಂಥವನ್ನು ಓದುವ ಈ ಅಧಿಕಾರವನ್ನು ಒಬ್ಬರಿಗೆ ಒಪ್ಪಿ ಮತ್ತೊಬ್ಬರಿಗೆ ನಿರಾಕರಿಸುವುದು ಕಷ್ಟ.

ವಾದವು ನ್ಯಾಯಾಲಯದ ಮೆಟ್ಟಿಲನ್ನೇರಿದಾಗ ಸಾಮಾನ್ಯ ಭಕ್ತನಿಗೆ ಏನಾಗುತ್ತದೆಂಬುದನ್ನು ವರ್ಜೀನಿಯದ ಫಾಲ್ಸ್ ಚರ್ಚ್ ಎಂಬ ಊರಿನಲ್ಲಿ ನೋಡಬೇಕು. ಊರಿಗೇ ಹೆಸರು ಕೊಟ್ಟ ಅಲ್ಲಿಯ ಹಳೆಯ ಇಟ್ಟಿಗೆಯ ಚರ್ಚು, ಹಿಂದೆ ಜಾರ್ಜ್ ವಾಷಿಂಗ್ಟನ್ ಆಡಳಿತ ಸಮಿತಿಯಲ್ಲಿದ್ದಂಥದು. 2006ರ ಡಿಸೆಂಬರಿನಲ್ಲಿ ಅಲ್ಲಿಯ ಸದಸ್ಯರ ಬಹುಮತವು ಅಮೆರಿಕದ ಆಂಗ್ಲಿಕನ್ ಪ್ರಾಂತ್ಯವಾದ ಎಪಿಸ್ಕೋಪಲ್ ಸಭೆಯನ್ನು ಬಿಟ್ಟು ನೈಜೀರಿಯದ ಸಭೆಯ ಆಶ್ರಯಕ್ಕೆ ಸೇರಲು ನಿಶ್ಚಯಿಸಿತು. ಕಟ್ಟಡ ಯಾರದೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2013ರಲ್ಲಿ ವರ್ಜೀನಿಯದ ಸರ್ವೋಚ್ಚ ನ್ಯಾಯಾಲಯವು ಅದು ಎಪಿಸ್ಕೋಪಲ್ ಡಯಾಸಿಸಿನದೇ ಎಂದು ಸ್ಥಿರಪಡಿಸಿತು. ತಂದೆತಾಯಿಗಳ ಶ್ರಾದ್ಧಪ್ರಾರ್ಥನೆ, ಮಕ್ಕಳ ದೀಕ್ಷಾಸ್ನಾನ, ತಮ್ಮ ಮದುವೆ ಎಲ್ಲವೂ ನಡೆದ ಆ ಮಂದಿರವನ್ನು ಬಿಟ್ಟು ಬಹುಸಂಖ್ಯಾತರು ಬೇರೆಡೆ ಆರಾಧನೆಗೆ ಹೋದರು. ಎಪಿಸ್ಕೋಪಲ್ ಸಭೆಯಲ್ಲಿಯೇ ಉಳಿದಿದ್ದ ಅಲ್ಪಸಂಖ್ಯಾತರು ಮಂದಿರಕ್ಕೆ ಹಿಂದಿರುಗಿದರು.

ಕರ್ನಾಟಕಕ್ಕೂ ಈ ಕಥೆಗೂ ಸಂಬಂಧವುಂಟು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ ದಂಡಿನ ಆಂಗ್ಲಿಕನರಿಗಾಗಿ ಕಟ್ಟಿದುದು. ಈಗ ಅದು ಸಿ.ಎಸ್.ಐ. ಎಂದು ನಮ್ಮಲ್ಲಿ ಪ್ರಸಿದ್ಧವಾದ ದಕ್ಷಿಣ ಭಾರತ ಸಭೆಗೆ ಸೇರಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ, ಬಿಷಪ್ಪರುಳ್ಳ ಆಂಗ್ಲಿಕನರೂ ಬಿಷಪ್ಪರ ಪದ್ಧತಿಯನ್ನೇ ಒಪ್ಪದಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮೂಲದವರೂ ಮೆಥೊಡಿಸ್ಟರೂ ಕೂಡಿ ಒಂದೇ ಸಭೆಯಾದರು. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನೂ ಇದ್ದಂತೆಯೇ ಸ್ವೀಕರಿಸಿದ್ದು ಇಂಗ್ಲೆಂಡಿನ ಸಂಪ್ರದಾಯಸ್ಥರಿಗೆ ಅಸಹ್ಯವಾಯಿತು, ಕವಿ ಟಿ.ಎಸ್. ಎಲಿಯಟ್ಟರು ಈ ಯೋಜನೆಯನ್ನು ವಿರೋಧಿಸಿ ಮೊದಲೇ ಒಂದು ಕಿರುಹೊತ್ತಗೆಯನ್ನು ಬರೆದಿದ್ದರು. ಹೊಸ ಸಭೆಯನ್ನು ಸೇರಿದವರು ಆಂಗ್ಲಿಕನ್ ಒಕ್ಕೂಟದಿಂದ ಹೊರಗಾದರು. ಪೂರ್ಣ ಸದಸ್ಯತ್ವ ಮರಳಿ ದೊರೆಯಲು ದಶಕಗಳೇ ಹಿಡಿದುವು. ಲೋಕದ ಆಂಗ್ಲಿಕನರು ಬೇರ್ಪಡುವುದರಲ್ಲಿ ತೋರಿದ ಶ್ರದ್ಧೆಯನ್ನು ನಮ್ಮ ದಕ್ಷಿಣದವರು ಕೂಡುವುದರಲ್ಲಿ ತೋರಿದರು; ಆಂಗ್ಲಿಕನ್ ಚರಿತ್ರೆಯಲ್ಲಿ ಇದಕ್ಕಿಂತ ಧೀರವಾದ ಕಾರ್ಯವನ್ನು ನಾನು ಕಾಣೆ. ಆಂಧ್ರದ ನಂದ್ಯಾಲ ಸೀಮೆಯ ಆಂಗ್ಲಿಕನರಲ್ಲಿ ಬಹುಮಂದಿ ಮಾತ್ರ 1947ರಲ್ಲಿ ಈ ಐಕ್ಯಕ್ಕೆ ಒಪ್ಪದೆ ಹೊರಗುಳಿದರು. ಕಾಲಾಂತರದಲ್ಲಿ ಆ ಸೀಮೆಯೂ ಸಭೆಯೊಳಗೆ ಬಂದು ಡಯಾಸಿಸ್ ಆಯಿತು. ದಕ್ಷಿಣ ಭಾರತ ಸಭೆಯ ಮೊಟ್ಟಮೊದಲ ಮಹಿಳಾ ಬಿಷಪ್ಪರಾದ ಎಗ್ಗೋಣಿ ಪುಷ್ಪಲಲಿತಾ ಅವರು 2013ರಲ್ಲಿ ಅಧಿಕಾರ ವಹಿಸಿಕೊಂಡದ್ದು ಆ ನಂದ್ಯಾಲ ಡಯಾಸಿಸಿನಲ್ಲಿಯೇ.