ಲಗ್ಗಿನಡಿಯ ನೀಲಿ

ಅರವತ್ತರ ದಶಕದ ಅಮೆರಿಕದ ಡ್ರಮ್ ಕೈಗೆ ಬಂದರೆ ಬಣ್ಣ ಯಾವುದೆಂದು ನೋಡಿದಾಕ್ಷಣ ಹೇಳಲಾಗದು. ಮೊದಲು ಒಂದು ಲಗ್ ಬಿಚ್ಚಬೇಕು. ತೊಗಲು ಬಿಗಿಯುವ ಉದ್ದನೆಯ ಸ್ಕ್ರೂ ಬಂದು ಕೂರುವ ಲೋಹದ ಗಟ್ಟಿ ಅದು. ಹೊರಗೆಲ್ಲ ಹಸಿರು ಕಂಡ ಡ್ರಮ್ಮಿನಲ್ಲಿ ಲಗ್ಗಿನಡಿಯ ಅಷ್ಟು ಜಾಗ ಮಾತ್ರ ಅಚ್ಚ ನೀಲಿ ಇರುವುದುಂಟು.

ಲುಡ್ವಿಗ್, ಸ್ಲಿಂಗರ್‌ಲ್ಯಾಂಡ್, ಗ್ರೆಚ್ ಕಂಪನಿಗಳ ಅಂದಿನ ಬಹುಪಾಲು ಡ್ರಮ್ಮುಗಳ ಮೈಗೆ ಅಂಟಿಸಿರುವುದು ಬಣ್ಣದ ಪ್ಲಾಸ್ಟಿಕ್ ಹಾಳೆ. ಬಿಸಿಲಿಗೆ, ಬಾರುಗಳ ಸಿಗರೇಟಿನ ಹೊಗೆಗೆ ಅದರ ಪಾರದರ್ಶಕ ಮೇಲ್ಪದರ ಹಳದಿಯಾಗುತ್ತದೆ. ನೀಲಿಯ ಮೇಲೆ ಹಳದಿ ಬಿದ್ದರೆ ಹಸಿರು. ಬಿಳಿಮುತ್ತು ಕೆನೆಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಮಿನುಗು ಶಾಂಪೇನಿನಂತಾಗುತ್ತದೆ.

ದುರಸ್ತಿಗೆ ಕೂತವರನ್ನು ಕಾಡುವ ದೊಡ್ಡ ಆಸೆ ಮಾತ್ರ ಕಪ್ಪುಮುತ್ತಿನದು, ಅಂದರೆ ಆಯ್ಸ್ಟರ್ ಬ್ಲ್ಯಾಕ್ ಪರ್ಲ್. 1963ರಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಲ್ಲಿ ಆರಿಸಿಕೊಂಡ ಲುಡ್ವಿಗ್ ಸೆಟ್ಟಿನ ಬಣ್ಣ ಅದೇ. ಅವನ ಮನಸೆಳೆದದ್ದು ಕಂಪನಿಯ ಹೆಸರಲ್ಲ, ಆ ಬಣ್ಣ ಎಂದೇ ಅಂಗಡಿಯ ಮಾಲೀಕ ಐವರ್ ಆರ್ಬಿಟರ್ ಹೇಳುತ್ತಿದ್ದರು. 1964ರ ಫೆಬ್ರುವರಿ 9ರಂದು ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಸುಮಾರು 7.3 ಕೋಟಿ ಅಮೆರಿಕನ್ನರು ಆ ತಂಡವನ್ನು ಕಂಡರು. ಶಿಕಾಗೋದ ಲುಡ್ವಿಗ್ ಕಾರ್ಖಾನೆಗೆ ಆರ್ಡರುಗಳ ಮಳೆ ಸುರಿಯಿತು. ಅದೇ ಕಂಪನಿಯ ತಿಳಿನೀಲಿ ಮುತ್ತಿನ ಸೆಟ್ಟನ್ನು ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ನುಡಿಸುತ್ತಿದ್ದ. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ!

ಇಷ್ಟಾಗಿಯೂ ಸಿಕ್ಕ ಲುಡ್ವಿಗ್ಗಿಗೆಲ್ಲ ಕಪ್ಪುಮುತ್ತು ಹೊದಿಸುವುದು ನನಗೆ ಒಪ್ಪಿಗೆಯಿಲ್ಲ. ಮೂಲ ಹಾಳೆ ಮರಕ್ಕೆ ಕಚ್ಚಿಕೊಂಡಿದ್ದರೆ ಹಳದಿಯಾಗಿದ್ದರೂ, ಅಲ್ಲಲ್ಲಿ ಸೀಳಿದ್ದರೂ ಬಿಟ್ಟುಬಿಡಿ. ಸಂಗ್ರಹಕಾರರು ಬೆಲೆ ಕೊಡುವುದೂ ಅದಕ್ಕೇ. ಹಿಂದೆ ಯಾರೋ ಹಾಳೆ ಕಿತ್ತು ಮನೆಯ ಪೇಂಟ್ ಬಳಿದಿದ್ದರೆ ಆಗ ನೀವು ಸ್ವತಂತ್ರರು. ಆಗಲೂ ಆ ವರ್ಷದ ಕಂಪನಿ ಕ್ಯಾಟಲಾಗಿನ ಬಣ್ಣವನ್ನೇ ಹುಡುಕುವುದು ಲೇಸು. ಹಾಳೆಯ ದಪ್ಪವನ್ನೂ ನೋಡಬೇಕು: ಮೊದಲಿನದಕ್ಕಿಂತ ದಪ್ಪವಾದರೆ ತೊಗಲಿನ ಬಳೆ ಸಲೀಸಾಗಿ ಇಳಿಯದೆ ಶ್ರುತಿ ಮಾಡುವುದೇ ಕಷ್ಟವಾಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಮುತ್ತಿನ ಹಾಳೆಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡಿನವು. ಹೀಟ್ ಗನ್ ಹಿಡಿದು ಕೀಳಲು ಹೋದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಆ ಕೆಲಸವನ್ನು ಅನುಭವಿಗಳಿಗೆ ಬಿಡಿ.