ಗಿಡ ಮಾರುವ ಮನೆಯ ಪದವೀಧರರು

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮಗೆಲ್ಲ ಪರಿಚಿತವಾದ ಮರಾಠಿ ಗಾದೆಯೊಂದುಂಟು: 'ಉತ್ತಮ ಶೇತಿ, ಮಧ್ಯಮ ವ್ಯಾಪಾರ, ಕನಿಷ್ಠ ನೌಕರಿ.' ಬೇಸಾಯ ಮೇಲು, ವ್ಯಾಪಾರ ನಡು, ಚಾಕರಿ ಕೀಳು ಎಂದು ಅದರ ತಾತ್ಪರ್ಯ. ಸರ್ಕಾರಿ ಕಚೇರಿಯ ಗುಮಾಸ್ತನಾದ ನಾನು ಈ ಮಾತು ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸಿ ಕಡತ ಬಿಡಿಸಿಕೊಂಡು ಕೂರುತ್ತೇನೆ. ಆದರೆ ಇದನ್ನು ಬಾಯ್ತುಂಬ ಹೇಳುವವರೂ ತಮ್ಮ ಮಕ್ಕಳ ಓದಿನ ವಿಷಯ ಬಂದಾಗ ಗಾದೆಯನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ.

ನಮ್ಮ ನೆರೆಮನೆಯವರೂ ಸಂಘದ ಸದಸ್ಯರೂ ಆದ ಮಹನೀಯರೊಬ್ಬರು ಒಂದು ಸಂಜೆ ಚಿಂತೆಯ ಮುಖ ಹೊತ್ತು ಬಂದರು. ಅವರ ಮಗಳು ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಳು. ಇಂಜಿನಿಯರಿಂಗ್ ಬೇಡ, ತೋಟಗಾರಿಕೆ ಓದುತ್ತೇನೆ ಎಂದು ಹಟ ಹಿಡಿದಿದ್ದಳು.

"ಮಾಲಿ ಕೆಲಸಕ್ಕೆ ನಾಲ್ಕು ವರ್ಷ ಕಾಲೇಜು ಬೇಕೇನ್ರೀ? ನೀವು ಸರ್ಕಾರಿ ಆಫೀಸಿನವರು. ಸ್ವಲ್ಪ ವಿಚಾರಿಸಿ ಹೇಳಿ" ಎಂದರು.

ಗುಮಾಸ್ತನಿಗೆ ವಿಚಾರಿಸುವುದೊಂದು ಚಟ. ಹಾಗೆ ವಿಚಾರಿಸಿದ್ದರ ಫಲವೇ ಈ ಲೇಖನ. ಇದೇ ಪ್ರಶ್ನೆ ಓದುಗರ ಮನೆಗಳಲ್ಲಿಯೂ ಎದ್ದಿರಬಹುದೆಂದು ಇಲ್ಲಿ ಬರೆದಿದ್ದೇನೆ.

ಓದಿ ಕಲಿತವರ ಪರಂಪರೆ

ತೋಟಗಾರಿಕೆಯು ಓದಿ ಕಲಿಯತಕ್ಕ ವಿದ್ಯೆಯೆಂಬುದು ಕನ್ನಡ ನಾಡಿಗೆ ಹೊಸ ಸಂಗತಿಯೇನಲ್ಲ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರು 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿಕೊಟ್ಟವರು ಅವರೇ. ಅವರ ಬಳಿಕ ಬಂದ ಎಚ್. ಸಿ. ಜವರಾಯ ಅವರೂ ಕ್ಯೂನಲ್ಲಿ ತರಬೇತಿ ಪಡೆದವರು. ಅನಂತರದ ಡಾ. ಎಂ. ಎಚ್. ಮರಿಗೌಡರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಬಂದವರು. 1963ರಲ್ಲಿ ತೋಟಗಾರಿಕೆಯು ಸ್ವತಂತ್ರ ಇಲಾಖೆಯಾದಾಗ ಅದರ ಚುಕ್ಕಾಣಿ ಹಿಡಿದ ಮರಿಗೌಡರು ನಾಡಿನುದ್ದಕ್ಕೂ ನೂರಾರು ತೋಟಗಳನ್ನೂ ಸಸ್ಯಾಗಾರಗಳನ್ನೂ ತೆರೆದು, ರೈತನಿಗೆ ನಂಬಿಕೆಯ ಸಸಿ ಹತ್ತಿರದಲ್ಲೇ ಸಿಗುವಂತೆ ಮಾಡಿದರು.

ಓದಿದವರು ಸರ್ಕಾರಿ ಹುದ್ದೆಯನ್ನೇ ಕಾಯಬೇಕೆಂಬ ನಿಯಮವೂ ಇಲ್ಲ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. 1973ರಲ್ಲಿ ಅಲ್ಲಿಂದ ಹೊರಬಂದ ಸಂಕರ ಟೊಮೇಟೊ ತಳಿಗೆ ಇಟ್ಟ ಹೆಸರು 'ಕರ್ನಾಟಕ'!

ಪದವಿಯೂ ಉದ್ಯೋಗವೂ

ಈಗಿನ ವ್ಯವಸ್ಥೆ ಹೀಗಿದೆ. ಬಿ.ಎಸ್ಸಿ. ಆನರ್ಸ್ ತೋಟಗಾರಿಕೆಯು ನಾಲ್ಕು ವರ್ಷಗಳ ವ್ಯಾಸಂಗ. ಹಣ್ಣು, ತರಕಾರಿ, ಹೂವು, ಸಂಬಾರ ಬೆಳೆ, ಮಣ್ಣು, ಕೀಟ, ರೋಗ, ತಳಿಶಾಸ್ತ್ರ ಎಲ್ಲವೂ ಅದರಲ್ಲಿ ಸೇರಿವೆ. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿದ್ದು ರೈತರೊಡನೆ ಕೆಲಸ ಮಾಡುವುದೂ ಉಂಟು. ಕರ್ನಾಟಕದಲ್ಲಿ 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬಾಗಲಕೋಟೆ, ಅರಭಾವಿ, ಶಿರಸಿ, ಬೀದರ, ಕೋಲಾರ ಮುಂತಾದೆಡೆ ಅದರ ಕಾಲೇಜುಗಳಿವೆ. ಮಹಾರಾಷ್ಟ್ರದಲ್ಲಿ ಓದಿದ ನಮ್ಮ ಮಕ್ಕಳು ಇಲ್ಲಿನ ಕಾಲೇಜುಗಳಿಗೆ ಎಂ.ಎಚ್.ಟಿ.-ಸಿ.ಇ.ಟಿ. ಪರೀಕ್ಷೆ ಬರೆಯಬೇಕು. ಇತರ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಖಿಲ ಭಾರತ ಪಾಲಿನ ಸೀಟುಗಳೂ ಇದ್ದು, 2023ರಿಂದ ಅವಕ್ಕೆ ಸಿ.ಯು.ಇ.ಟಿ. ಎಂಬ ಪರೀಕ್ಷೆ ದಾರಿಯಾಗಿದೆ.

ಓದು ಮುಗಿದ ಮೇಲೆ? ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯ ಹುದ್ದೆ, ಬ್ಯಾಂಕುಗಳಲ್ಲಿ ಕೃಷಿ ಕ್ಷೇತ್ರಾಧಿಕಾರಿಯ ಹುದ್ದೆ, ಮಹಾನಗರಪಾಲಿಕೆಯ ಉದ್ಯಾನ ವಿಭಾಗ, ಬೀಜದ ಕಂಪನಿಗಳು, ತಳೇಗಾವದಂಥ ಕಡೆಗಳ ಗುಲಾಬಿ ಹಸಿರುಮನೆಗಳು ಇವೆ. ಮುಂದೆ ಓದುವವರಿಗೆ ಎಂ.ಎಸ್ಸಿ., ಪಿಎಚ್.ಡಿ., ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆ ವಿಜ್ಞಾನಿಯ ಕೆಲಸ. ಸ್ವಂತ ಉದ್ಯಮ ಹೂಡುವ ಕೃಷಿ ಪದವೀಧರರಿಗಾಗಿ 2002ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯೊಂದುಂಟು. ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಉಚಿತ ತರಬೇತಿ ಕೊಟ್ಟು, ಬ್ಯಾಂಕಿನ ಸಾಲಕ್ಕೆ ಸಹಾಯಧನವನ್ನೂ ಸೇರಿಸುತ್ತಾರೆ. ಮಹಿಳೆಯರಿಗೆ ಸಹಾಯಧನದ ಪ್ರಮಾಣ ಹೆಚ್ಚು.

ಇಷ್ಟನ್ನೂ ಪಟ್ಟಿ ಮಾಡಿ ನೆರೆಮನೆಯವರ ಮುಂದಿಟ್ಟೆ. ಅವರು ಓದಿ, "ಎಲ್ಲ ಸರಿ, ಈ ಓದಿನಿಂದ ಬದುಕು ಕಟ್ಟಿಕೊಂಡ ಒಂದು ಮನೆ ತೋರಿಸಿ" ಎಂದರು. ಸಹಜವಾದ ಬೇಡಿಕೆ. ಹಿಂದೊಮ್ಮೆ ರಾಜ್ಯೋತ್ಸವದ ಸಮಾರಂಭದಲ್ಲಿ ಪರಿಚಯವಾಗಿದ್ದ ಒಂದು ಕುಟುಂಬ ನೆನಪಿಗೆ ಬಂತು. ಒಂದು ಭಾನುವಾರ ತಂದೆ ಮಗಳಿಬ್ಬರನ್ನೂ ಕರೆದುಕೊಂಡು ಸೊಲ್ಲಾಪುರ ರಸ್ತೆಯ ಬಸ್ಸು ಹತ್ತಿದೆ.

ಒಂದು ನರ್ಸರಿಯ ಮನೆತನ

ಪುಣೆ ದಾಟಿ ಉರುಳಿ ಕಾಂಚನದ ಕಡೆಗೆ ಹೋದವರೆಲ್ಲ ರಸ್ತೆಯ ಬದಿಯ ನರ್ಸರಿಗಳನ್ನು ನೋಡಿರಬಹುದು. ಅವುಗಳಲ್ಲಿ ಒಂದು ಈ ಕುಟುಂಬದ್ದು. ಯಜಮಾನರು ಇಂಡಿ ತಾಲೂಕಿನವರು. ಹರೆಯದಲ್ಲಿ ಕೂಲಿಗೆಂದು ಬಂದು, ಇನ್ನೊಬ್ಬರ ನರ್ಸರಿಯಲ್ಲಿ ಮಣ್ಣು ಹೊತ್ತು, ಕಸಿ ಕಟ್ಟುವುದನ್ನು ಕಲಿತು, ಕೊನೆಗೆ ಅರ್ಧ ಎಕರೆ ಗೇಣಿಗೆ ಹಿಡಿದವರು. ಮಗ ಅರಭಾವಿಯ ಕಾಲೇಜಿನ ಪದವೀಧರ, ಸೊಸೆ ಬಾಗಲಕೋಟೆಯಲ್ಲಿ ಓದಿದವರು. ಮಗ ನಾಲ್ಕು ವರ್ಷ ಬೀಜದ ಕಂಪನಿಯಲ್ಲಿ ದುಡಿದು ಆಮೇಲೆ ಮನೆಯ ಕೆಲಸಕ್ಕೆ ಮರಳಿದರು. ಸೊಸೆ ತರಕಾರಿ ಸಸಿಗಳ ವಿಭಾಗ ನೋಡಿಕೊಳ್ಳುತ್ತಾರೆ. ನೆರಳುಬಲೆಯ ಕೆಳಗೆ ಪ್ಲಾಸ್ಟಿಕ್ ತಟ್ಟೆಗಳ ಗುಳಿಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಹಾಕಿ, ಸುಮಾರು ಇಪ್ಪತ್ತೈದು ದಿನಕ್ಕೆ ಟೊಮೇಟೊ ಸಸಿಯನ್ನು ರೈತನ ಕೈಗೆ ಕೊಡುತ್ತಾರೆ.

ನಾವು ಹೋದಾಗ ಯಜಮಾನರು ಮಾವಿನ ಕಸಿ ಕಟ್ಟುತ್ತ ಕುಳಿತಿದ್ದರು. ಓಟೆಯಿಂದ ಎದ್ದ ಬೇರುಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಮರದಿಂದ ತಂದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿದರು. ಆ ಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ ಮರದಲ್ಲಿಯೇ ಸವರಿರಬೇಕಂತೆ. ಆಗ ಮೊಗ್ಗು ಉಬ್ಬಿ ಬೇಗ ಚಿಗುರುತ್ತದೆ. ಬೆಳಗಿನೊಳಗೆ ನೂರಕ್ಕೂ ಹೆಚ್ಚು ಕಟ್ಟುತ್ತಾರೆ.

"ನಮ್ಮ ತಮ್ಮ ಓದ್ಯಾನ, ಖರೆ. ಚಾಕು ಹಿಡದ್ರ ಮಾತ್ರ ಇನ್ನೂ ಕೈ ನಡಗತದ" ಎಂದು ಮಗನನ್ನು ತೋರಿಸಿ ನಕ್ಕರು. ಮಗನೂ ನಕ್ಕು ಒಪ್ಪಿಕೊಂಡರು.

"ಹಾಗಾದರೆ ಓದಿನಿಂದ ಬಂದದ್ದೇನು?" ಎಂದು ನಮ್ಮ ನೆರೆಯವರು ಕೇಳಿಯೇ ಬಿಟ್ಟರು. ಯಜಮಾನರು ಚಾಕು ಕೆಳಗಿಟ್ಟರು.

"ಮಾವಿನ ಗಿಡದ್ದು ಸುಳ್ಳು ಹೇಳಿದ್ರ ಐದು ವರ್ಷ ಯಾರಿಗೂ ತಿಳಿಯೂದಿಲ್ರೀ, ಸಾಹೇಬ್ರ. ಅದಕ್ಕ ಈ ದಂಧೇದಾಗ ಸುಳ್ಳು ಭಾಳ" ಎಂದು ಆರಂಭಿಸಿ ತಮ್ಮ ಮನೆಯ ಒಂದು ಕಥೆ ಹೇಳಿದರು.

ದಾಳಿಂಬೆಯ ಪಾಠ

ದಾಳಿಂಬೆಗೂ ಪುಣೆಗೂ ಹಳೆಯ ನಂಟು. ಹೆಸರಾಂತ 'ಗಣೇಶ' ತಳಿಯನ್ನು ಡಾ. ಜಿ. ಎಸ್. ಚೀಮಾ ಅವರು ಆರಿಸಿ ತೆಗೆದದ್ದು ಇಲ್ಲಿನ ಗಣೇಶಖಿಂಡದ ತೋಟದಲ್ಲಿ. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಗಳ ಒಣನೆಲದಲ್ಲಿ ಅನೇಕ ಕುಟುಂಬಗಳು ಈ ಬೆಳೆಯಿಂದ ಮೇಲೆ ಬಂದವು, ಅನೇಕ ಕುಟುಂಬಗಳು ಇದರಿಂದಲೇ ಕೆಳಗಿಳಿದವು. ಕಾರಣ ದುಂಡಾಣು ಅಂಗಮಾರಿ. ಕಾಯಿಯ ಮೇಲೆ ಎಣ್ಣೆ ಬಿದ್ದಂಥ ಕಲೆಯಾಗುವುದರಿಂದ ಮಹಾರಾಷ್ಟ್ರದ ರೈತರು ಇದನ್ನು 'ತೇಲ್ಯಾ' ಎನ್ನುತ್ತಾರೆ. ಕಲೆ ಬೆಳೆದು ಕಾಯಿ ಬಿರಿಯುತ್ತದೆ. ದಾಳಿಂಬೆಯನ್ನು ಗೂಟಿ ಕಟ್ಟಿ, ಅಂದರೆ ಕೊಂಬೆಯಲ್ಲಿಯೇ ಬೇರು ಬರಿಸಿ ಕತ್ತರಿಸಿ, ಸಸಿ ಮಾಡುವುದು ವಾಡಿಕೆ. ತಾಯಿಗಿಡದಲ್ಲಿ ರೋಗವಿದ್ದರೆ ಸಸಿಯೊಡನೆ ಅದೂ ಹೊಸ ತೋಟಕ್ಕೆ ಪ್ರಯಾಣ ಮಾಡುತ್ತದೆ.

ಏಳೆಂಟು ವರ್ಷಗಳ ಹಿಂದೆ ಯಜಮಾನರು ಪರಿಚಿತರ ತೋಟವೊಂದರಿಂದ ಮೂರು ಸಾವಿರ ಗೂಟಿ ತಂದು ಚೀಲಗಳಲ್ಲಿ ನೆಟ್ಟಿದ್ದರು. ಗಿರಾಕಿಗಳಿಂದ ಮುಂಗಡವೂ ಬಂದಿತ್ತು. ಆಗತಾನೆ ಮದುವೆಯಾಗಿ ಬಂದಿದ್ದ ಸೊಸೆ ಎಲೆಗಳ ಮೇಲೆ ನೀರಿನಲ್ಲಿ ನೆನೆದಂಥ ಚುಕ್ಕೆಗಳನ್ನು ಕಂಡರು. ಎಲೆಯನ್ನು ಬೆಳಕಿಗೆ ಹಿಡಿದು ಗಂಡನಿಗೆ ತೋರಿಸಿದರು. ಪ್ರಯೋಗಾಲಯಕ್ಕೆ ಕಳುಹಿಸಿದ್ದಾಯಿತು. ಅನುಮಾನ ನಿಜವಾಯಿತು.

"ಮಳಿ ನಿಂತ್ರ ಚುಕ್ಕಿ ಹೋಗತಾವ, ಔಷಧ ಹೊಡದು ಕೊಟ್ಟುಬಿಡೂಣು" ಎಂದು ಯಜಮಾನರ ವಾದ. ಮನೆಯ ಮೇಲೆ ಸಾಲವಿತ್ತು. ಔಷಧದಿಂದ ಚುಕ್ಕೆ ಅಡಗಬಹುದು, ರೋಗ ಹೋಗುವುದಿಲ್ಲ ಎಂದು ಮಗನ ಉತ್ತರ. ಸೊಸೆ ಮಾವನವರೆದುರು ಹೆಚ್ಚು ಮಾತನಾಡುವ ಹಾಗಿರಲಿಲ್ಲ. ಆದರೂ ಒಂದು ಮಾತು ಕೇಳಿದರಂತೆ: "ಮಾವನವರೇ, ಇವನ್ನ ನಮ್ಮ ಇಂಡಿ ಹೊಲದಾಗ ಹಚ್ಚತೀರೇನು?"

ಯಜಮಾನರು ಎದ್ದು ಹೋದರು. ಮರುದಿನ ಮೂರು ಸಾವಿರ ಸಸಿಗಳನ್ನೂ ಕಿತ್ತು ಸುಟ್ಟರು. ಮುಂಗಡ ಹಿಂದಿರುಗಿಸಲು ಸೊಸೆಯ ಬಳೆಗಳು ಒತ್ತೆ ಬಿದ್ದವು. ಎರಡು ತಿಂಗಳು ತಂದೆ ಮಕ್ಕಳಲ್ಲಿ ಮಾತಿರಲಿಲ್ಲ. ಹಣ ಹಿಂದಕ್ಕೆ ಪಡೆದವರಲ್ಲಿ ಅರ್ಧದಷ್ಟು ಜನ ಮರಳಿ ಬರಲೇ ಇಲ್ಲ. ಬಂದವರು ಮಾತ್ರ ಇಂದಿಗೂ ಬೇರೆ ಕಡೆ ಹೋಗುವುದಿಲ್ಲ.

"ನನಗ ಗಿಡ ಬದುಕಸೂದು ಗೊತ್ತಿತ್ತು. ಯಾವ ಗಿಡ ಬದುಕಸಬಾರದು ಅನ್ನೂದು ಇವರಿಂದ ತಿಳೀತು" ಎಂದರು ಯಜಮಾನರು.

ಈಗ ಆ ನರ್ಸರಿಯಲ್ಲಿ ಪ್ರತಿಯೊಂದು ತಾಯಿಗಿಡಕ್ಕೂ ಸಂಖ್ಯೆಯುಂಟು. ಯಾವ ಮರದ ಕಡ್ಡಿ, ಯಾವ ದಿನ ಕಟ್ಟಿದ್ದು, ಯಾರಿಗೆ ಮಾರಿದ್ದು ಎಂಬುದು ದಪ್ಪ ರಿಜಿಸ್ಟರಿನಲ್ಲಿದೆ. ನಮ್ಮ ಕಚೇರಿಯ ರಿಜಿಸ್ಟರುಗಳಿಗಿಂತ ಅದು ಚೊಕ್ಕಟವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ದೇಶದ ಮಟ್ಟದಲ್ಲಿಯೂ ಇದೇ ಚಿಂತೆ ನಡೆದಿದೆ. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಹಣ್ಣಿನ ಬೆಳೆಗಳಿಗೆ ರೋಗಮುಕ್ತ ತಾಯಿಗಿಡಗಳನ್ನು ಒದಗಿಸಲು 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಒಂಬತ್ತು ಕೇಂದ್ರಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇವೆಲ್ಲಕ್ಕೂ ಓದಿದ ಕೈಗಳು ಬೇಕು.

ತಂದೆತಾಯಿಗಳಿಗೆ ಒಂದು ಮಾತು

ಈ ದಾರಿ ಸುಲಭವೆಂದು ನಾನು ಹೇಳಲಾರೆ. ಸರ್ಕಾರಿ ಹುದ್ದೆಗಳು ಕಡಿಮೆ, ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗುವುದೂ ಉಂಟು. ನರ್ಸರಿಗೆ ನೆಲ, ನೀರು, ನುರಿತ ಆಳುಗಳು ಬೇಕು. ಒಂದು ಆಲಿಕಲ್ಲಿನ ಮಳೆ ವರ್ಷದ ದುಡಿಮೆಯನ್ನು ಗಳಿಗೆಯಲ್ಲಿ ಕೆಡಿಸಬಹುದು. ಹೊಲಮನೆ ಇಲ್ಲದ ಪಟ್ಟಣದ ಮಕ್ಕಳು ಪದವಿ ಮುಗಿದ ಕೂಡಲೇ ಸಾಲ ಮಾಡಿ ಸ್ವಂತದ್ದು ಹೂಡುವ ಬದಲು, ಮೂರು ನಾಲ್ಕು ವರ್ಷ ಬೇರೆಯವರಲ್ಲಿ ದುಡಿದು ಕೈ ಪಳಗಿಸಿಕೊಳ್ಳುವುದು ಮೇಲು. ಆ ಮನೆಯ ಮಗನೂ ಇದೇ ಮಾತು ಹೇಳಿದರು.

ಆದರೆ ಇದು ಮಾಲಿ ಕೆಲಸ, ಇದಕ್ಕೆ ಓದೇಕೆ ಎಂಬ ಮಾತನ್ನು ನಾವು ಬಿಡಬೇಕು. ಬಟ್ಟೆ ಕೊಂಡವನಿಗೆ ಮೋಸ ಅಂದೇ ತಿಳಿಯುತ್ತದೆ. ಗಿಡ ಕೊಂಡವನು ನೀರೆರೆದು, ಗೊಬ್ಬರ ಹಾಕಿ, ಐದು ವರ್ಷ ಕಾದ ಮೇಲೆ ತಿಳಿಯುತ್ತದೆ. ಅಷ್ಟು ದೀರ್ಘಕಾಲದ ನಂಬಿಕೆಯನ್ನು ಉಳಿಸಿಕೊಳ್ಳಲು ರೋಗ ಗುರುತಿಸುವ ವಿದ್ಯೆಯೂ ಬೇಕು, ಐದು ವರ್ಷದ ಮೇಲೆ ಅದೇ ಜಾಗದಲ್ಲಿದ್ದು ಉತ್ತರ ಕೊಡುವ ಮನೆತನವೂ ಬೇಕು. ಆ ಮನೆಯಲ್ಲಿ ಎರಡೂ ಕೂಡಿದ್ದವು.

ಮರಳಿ ಬರುವಾಗ ನೆರೆಮನೆಯವರು ಹಡಪಸರದ ತನಕ ಮಾತನಾಡಲಿಲ್ಲ. ಮಡಿಲಲ್ಲಿ ಯಜಮಾನರು ಕೊಟ್ಟ ಒಂದು ಕಸಿ ಮಾವಿನ ಸಸಿಯಿತ್ತು. ಕಸಿಯ ಗಂಟಿನ ಕೆಳಗೆ ಚಿಗುರೊಡೆದರೆ ಕೂಡಲೇ ಚಿವುಟಬೇಕು, ಇಲ್ಲವಾದರೆ ಕಾಡುಮಾವು ಬೆಳೆದು ಒಳ್ಳೆಯ ಕಡ್ಡಿ ಸಾಯುತ್ತದೆ ಎಂದು ಅವರು ಎಚ್ಚರಿಸಿದ್ದರು. ಕೊನೆಗೆ, "ಅರ್ಜಿಯ ಕೊನೇ ದಿನ ಯಾವತ್ತು?" ಎಂದು ಮಗಳನ್ನು ಕೇಳಿದರು.

ಹುಡುಗಿ ಈಗ ಮಹಾರಾಷ್ಟ್ರದ ಒಂದು ತೋಟಗಾರಿಕೆ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ರಜೆಗೆ ಬಂದಾಗ ಉಗುರಿನ ಸಂದಿಯಲ್ಲಿ ಮಣ್ಣಿರುತ್ತದೆಂದು ತಾಯಿಗೆ ಅಸಮಾಧಾನ. ತಂದೆ ಮಾತ್ರ ದಿನವೂ ಕಚೇರಿಗೆ ಹೊರಡುವ ಮೊದಲು ಬಾಲ್ಕನಿಗೆ ಹೋಗಿ, ಬಗ್ಗಿ, ಗಂಟಿನ ಕೆಳಗೆ ಚಿಗುರು ಬಂದಿದೆಯೇ ಎಂದು ನೋಡುತ್ತಾರೆ.