ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ಯಾಕೆ ನಿಲ್ಲುವುದಿಲ್ಲ?

ಪರೀಕ್ಷೆ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ ಕೇಳುವುದು ಒಂದೇ ಮಾತು: "ನಿದ್ದೆ ಕಮ್ಮಿ ಮಾಡು, ಓದು." ಹೊಸೂರು, ಕೃಷ್ಣಗಿರಿ ಕಡೆ ಬೇಕರಿ, ಹೋಟೆಲ್, ಅಂಗಡಿಗಳಲ್ಲಿ ದುಡಿಯುತ್ತಾ ಡಿಗ್ರಿ ಪರೀಕ್ಷೆ ಕಟ್ಟುವ ಹುಡುಗರು ಶಟರ್ ಎಳೆದ ಮೇಲೆಯೇ ಪುಸ್ತಕ ಹಿಡಿಯುವುದು. ಸಿಪ್‌ಕಾಟ್ ಕಂಪೆನಿಗಳ ನೈಟ್ ಶಿಫ್ಟ್‌ನವರದ್ದೂ ಅದೇ ಪಾಡು. ಕಷ್ಟಪಡುವುದು ಒಳ್ಳೆಯದೇ. ಆದರೆ ನಿದ್ದೆಯನ್ನೇ ಕತ್ತರಿಸಿದರೆ ಓದಿದ ಶ್ರಮವೂ ನಷ್ಟ.

ವ್ಯಾಪಾರ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗಲಿನ ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಬರೆಯುತ್ತೇವೆ, ಆಮೇಲೆ ಕೂತು ಲೆಡ್ಜರಿಗೆ ಏರಿಸುತ್ತೇವೆ. ಮೆದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗ ಆ ದಿನವಹಿ ಇದ್ದ ಹಾಗೆ. ಹೊಸದಾಗಿ ಕಲಿತದ್ದನ್ನು ಮೊದಲು ಹಿಡಿದಿಡುವುದು ಅದು. ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಲೆಡ್ಜರ್. ಗಾಢ ನಿದ್ದೆಯಲ್ಲಿ ಹಗಲಿನ ಪಾಠ ಹಿಪೊಕ್ಯಾಂಪಸ್‌ನಲ್ಲಿ ಮತ್ತೆ ಮತ್ತೆ ಓಡಿ, ಕಾರ್ಟೆಕ್ಸ್‌ನಲ್ಲಿ ಹಳೆಯ ತಿಳಿವಳಿಕೆಯ ಜೊತೆ ಸೇರಿ ಗಟ್ಟಿಯಾಗುತ್ತದೆ. ನಿದ್ದೆ ಇಲ್ಲದಿದ್ದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಹೊಸದು ಕಲಿಯಲೂ ತಲೆ ಓಡುವುದಿಲ್ಲ.

ಇದು ಬರೀ ಊಹೆಯಲ್ಲ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಶಬ್ದಗಳನ್ನು ಬಾಯಿಪಾಠ ಮಾಡಿಸಿದರು. ಕಲಿತು ಮಲಗಿದಾಗ, ಅಷ್ಟೇ ಹೊತ್ತು ಎಚ್ಚರವಿದ್ದಾಗಿನದಕ್ಕಿಂತ ಹೆಚ್ಚು ನೆನಪು ಉಳಿಯಿತು. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಮೇಲೆ ಅಧ್ಯಯನ ಮಾಡಿದರು. ಓಡಾಡುವಾಗ ಒಟ್ಟಿಗೆ ಕೆಲಸ ಮಾಡಿದ ಹಿಪೊಕ್ಯಾಂಪಸ್ ಕೋಶಗಳು ನಂತರದ ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುವುದನ್ನು ತೋರಿಸಿದರು.

ಹಿಫ್ಝ್ ಕಲಿಸುವ ಉಸ್ತಾದರಿಗೆ ಇದು ಅನುಭವದಿಂದಲೇ ಗೊತ್ತು. ರಾತ್ರಿ ಪಾಠ ಮಾಡಿ ಮಲಗಿದ ಮಗು ಸುಬ್ಹಿ ನಮಾಝಿನ ನಂತರ ಸಲೀಸಾಗಿ ಒಪ್ಪಿಸುತ್ತದೆ. ಇಶಾ ಆದ ಮೇಲೆ ಹರಟೆ ಹೊಡೆಯದೆ ಮಲಗುವುದು, ಮಧ್ಯಾಹ್ನದ ಖೈಲೂಲಾ, ಎರಡೂ ನಮ್ಮಲ್ಲಿ ಮೊದಲಿಂದಲೂ ಇರುವ ಸುನ್ನತ್‌ಗಳು. ಹಗಲಿನ ಸಣ್ಣ ನಿದ್ದೆಯೂ ನೆನಪಿಗೆ ಸಹಾಯ ಮಾಡುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ.

ಹಾಗಾದರೆ ಎಷ್ಟು ನಿದ್ದೆ ಬೇಕು? 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ. ಮಲಗುವ ಮುಂಚೆ ಮೊಬೈಲ್ ದೂರ ಇಡಿ. ಸಂಜೆಯ ಮೇಲೆ ಚಹಾ, ಕಾಫಿ ಕಮ್ಮಿ ಮಾಡಿ. ರಾತ್ರಿ ಪಾಳಿಯವರು ಹಗಲು ಕೋಣೆ ಕತ್ತಲು ಮಾಡಿಕೊಂಡು ಮಲಗಿ. ಪಾಠವನ್ನು ದಿನಕ್ಕಿಷ್ಟು ಎಂದು ಹಂಚಿಕೊಂಡರೆ ಪ್ರತಿ ರಾತ್ರಿಯ ನಿದ್ದೆಯೂ ಅದನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ, ವಿಪರೀತ ಗೊರಕೆ ಇದ್ದರೆ ಡಾಕ್ಟರಿಗೆ ತೋರಿಸಿ.

ತಂದೆ ತಾಯಂದಿರೇ, ನಾಳೆ ಪರೀಕ್ಷೆ ಇರುವ ಮಗ ಹತ್ತು ಗಂಟೆಗೆ ಮಲಗಿದರೆ ಸೋಮಾರಿ ಎಂದು ಬೈಯಬೇಡಿ. ಲೈಟ್ ಆರಿಸಿ ಬಾಗಿಲು ಎಳೆದುಕೊಳ್ಳಿ.